ಟ್ರೆಂಟ್ ಬ್ರಿಜ್ಜಿನ ಕರ್ತೃ

ಹಣ ತೆತ್ತು ಆಟ ನೋಡುವುದು ಇಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಬಯಲಿನ ಆಟಕ್ಕೆ ಮೊದಮೊದಲು ಬೇಲಿ ಹಾಕಿ, ಬಾಗಿಲಲ್ಲಿ ಕಾಸು ಕೇಳಿದವರು ಜನರ ಮುನಿಸನ್ನು ಎದುರಿಸಬೇಕಾಯಿತು. ಅಂಥವರಲ್ಲಿ ವಿಲಿಯಂ ಕ್ಲಾರ್ಕನು ಒಬ್ಬ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ 1798ರ ಡಿಸೆಂಬರ್ 24ರಂದು ಹುಟ್ಟಿದ ಈತನು ಮೊದಲು ಗಾರೆ ಕೆಲಸದವನು; ಬಳಿಕ ಪಾನಗೃಹವೊಂದರ ಒಡೆಯ. ಅಂಗೈಯಿಂದ ಚೆಂಡನ್ನು ಗೋಡೆಗೆ ಹೊಡೆಯುವ ಆಟವೊಂದರಲ್ಲಿ ಪೆಟ್ಟು ಬಿದ್ದು ಒಂದು ಕಣ್ಣು ಹೋಯಿತು. ಮತ್ತೊಬ್ಬನಾಗಿದ್ದರೆ ಕ್ರಿಕೆಟ್ಟಿಗೆ ಅಲ್ಲಿಗೇ ಶರಣು ಹೊಡೆಯುತ್ತಿದ್ದನು. ಕ್ಲಾರ್ಕನು ಉಳಿದ ಒಂದು ಕಣ್ಣಿನಿಂದಲೇ ಎದುರಾಳಿಯ ದೌರ್ಬಲ್ಯವನ್ನು ಅಳೆಯಲು ಕಲಿತನು.

1837ರ ಕೊನೆಯಲ್ಲಿ ಆತನು ಟ್ರೆಂಟ್ ನದಿಯ ಸೇತುವೆಯ ಬಳಿ ಪಾನಗೃಹ ನಡೆಸುತ್ತಿದ್ದ ಮೇರಿ ಚಾಪ್‌ಮನ್ ಎಂಬ ವಿಧವೆಯನ್ನು ವರಿಸಿದನು. ಮರುವರ್ಷವೇ ಆ ಪಾನಗೃಹದ ಹಿಂದಿನ ನೆಲವನ್ನು ಹಸನುಗೊಳಿಸಿ, ಸುತ್ತುಗಟ್ಟಿ, ಆಟದ ಅಂಗಳವನ್ನು ಮಾಡಿದನು. ಅದುವೇ ಟ್ರೆಂಟ್ ಬ್ರಿಜ್. ಊರಿನ ಫಾರೆಸ್ಟ್ ಬಯಲಿನಲ್ಲಿ ಬಿಟ್ಟಿಯಾಗಿ ಆಟ ನೋಡಿ ಬಲ್ಲ ಜನರಿಗೆ ಪ್ರವೇಶಧನ ರುಚಿಸಲಿಲ್ಲ. 1840ರಲ್ಲಿ ಸಸೆಕ್ಸ್ ತಂಡವು ಬಂದು ಅಲ್ಲಿ ಆಡಿತಾದರೂ ಲಾಭವು ಕೈಗೆ ಹತ್ತಲಿಲ್ಲ.

1846ರಲ್ಲಿ, ಆಟಗಾರರು ವಿಶ್ರಾಂತಿಯನ್ನು ಬಯಸುವ ನಲವತ್ತೇಳರ ವಯಸ್ಸಿನಲ್ಲಿ, ಕ್ಲಾರ್ಕನು ಲಂಡನ್ನಿನ ಲಾರ್ಡ್ಸ್ ಅಂಗಳಕ್ಕೆ ಬೌಲರನಾಗಿ ಹೋದನು. ಅದೇ ವರ್ಷ ‘ಆಲ್ ಇಂಗ್ಲೆಂಡ್ ಇಲೆವೆನ್’ ತಂಡವನ್ನು ಕಟ್ಟಿದನು. ಹೊಸದಾಗಿ ಹಬ್ಬುತ್ತಿದ್ದ ರೈಲುಹಾದಿಯು ಆ ತಂಡವನ್ನು ಊರೂರಿಗೆ ಕೊಂಡೊಯ್ಯಿತು. ಹನ್ನೊಂದು ನುರಿತವರಿಗೆ ಎದುರಾಗಿ ಊರಿನ ಇಪ್ಪತ್ತೆರಡು ಜನ ನಿಲ್ಲುವುದೂ ಉಂಟು. ಇತರರು ತೋಳು ಮೇಲೆತ್ತಿ ಚೆಂಡೆಸೆಯುತ್ತಿದ್ದ ಆ ಕಾಲದಲ್ಲಿ, ಕ್ಲಾರ್ಕನ ಹಳೆಯ ಪದ್ಧತಿಯ ನಿಧಾನದ ಕೆಳಗೈ ಎಸೆತವು ಬ್ಯಾಟುಗಾರರನ್ನು ಮರುಳುಗೊಳಿಸಿ ಕೆಡವುತ್ತಿತ್ತು.

ಆತನ ಗುಣದೋಷಗಳೆರಡಕ್ಕೂ ಹಣವೇ ಒರೆಗಲ್ಲು. ಕೂಲಿಕಾರರ ಮನೆಯ ಮಕ್ಕಳು ಆಟದಿಂದಲೇ ಬದುಕಬಹುದೆಂದು ತೋರಿಸಿದವರಲ್ಲಿ ಆತನು ಮುಖ್ಯನು. ಆದರೆ ಗಳಿಕೆಯ ಸಿಂಹಪಾಲನ್ನು ತಾನಿಟ್ಟುಕೊಂಡು ತಮಗೆ ಅಲ್ಪವನ್ನು ಕೊಡುವನೆಂಬ ಅಸಮಾಧಾನ ಸಂಗಡಿಗರಲ್ಲಿ ಬೆಳೆಯಿತು. 1852ರಲ್ಲಿ ಜಾನ್ ವಿಸ್ಡನ್ ಮೊದಲಾದವರು ಸಿಡಿದು ಬೇರೆ ತಂಡವನ್ನೇ ಕಟ್ಟಿದರು. ಕ್ಲಾರ್ಕನು ಜಗ್ಗದೆ ಕೊನೆಯವರೆಗೂ ಆಡಿ, 1856ರ ಆಗಸ್ಟ್ 25ರಂದು ತೀರಿಕೊಂಡನು.

ಆ ತಂಡವು 1854ರಲ್ಲಿ ಬ್ರಿಸ್ಟಲ್ ನಗರಕ್ಕೆ ಹೋದಾಗ ಆಟ ನೋಡಿದವರಲ್ಲಿ ಆರು ತುಂಬದ ಬಾಲಕನೊಬ್ಬನಿದ್ದನು. ಅವನೇ ಮುಂದೆ ಜಗತ್ಪ್ರಸಿದ್ಧನಾದ ಡಬ್ಲ್ಯು. ಜಿ. ಗ್ರೇಸ್. 1899ರಲ್ಲಿ ಟ್ರೆಂಟ್ ಬ್ರಿಜ್ಜಿನಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದಾಗ ಇಂಗ್ಲೆಂಡಿನ ನಾಯಕನು ಆತನೇ. ಆತನ ಕಡೆಯ ಟೆಸ್ಟ್ ಸಹ ಅದೇ ಆಯಿತು. ಕಾಸು ಕೊಡಲು ಊರಿನವರು ಹಿಂಜರಿದ ಅಂಗಳಕ್ಕೆ ಆ ಹೊತ್ತಿಗೆ ಅರುವತ್ತೊಂದು ವರ್ಷ ತುಂಬಿತ್ತು. ಅದನ್ನು ಕಾಣಲು ಕ್ಲಾರ್ಕನು ಉಳಿದಿರಲಿಲ್ಲ.