ವೈಮಾನಿಕ ತಾತಾರವರು

ಜೆ. ಆರ್. ಡಿ. ತಾತಾರವರ ನಾಮಧೇಯವನ್ನರಿಯದ ವಾಚಕ ಮಹಾಶಯರು ಇರಲಾರರು. ಆದರೆ ಅವರನ್ನು ಕಾರಖಾನೆಗಳ ಒಡೆಯರೆಂದು ಬಲ್ಲವರೇ ಹೆಚ್ಚು. ಯಂತ್ರದ ಮುಂದೆ ಶಿಷ್ಯರಾಗಿ ಕುಳಿತವರೆಂದು ಸ್ಮರಿಸುವವರು ವಿರಳ.

೧೯೦೪ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದ ಈ ಮಹನೀಯರು ೧೯೨೯ರ ಫೆಬ್ರವರಿ ೧೦ರಂದು ಮುಂಬಯಿಯಲ್ಲಿ ವೈಮಾನಿಕ ಪರವಾನೆಯನ್ನು ಪಡೆದರು. ಭಾರತದಲ್ಲಿ ಕೊಡಲ್ಪಟ್ಟ ಮೊತ್ತಮೊದಲನೆಯ ಪರವಾನೆಯದು. ಕಲಿತದ್ದು ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನದಲ್ಲಿ: ಎರಡಂತಸ್ತಿನ ರೆಕ್ಕೆ, ತೆರೆದ ಆಸನ, ಸುಮಾರು ೧೦೦ ಅಶ್ವಶಕ್ತಿ. ಆಗಾಖಾನರ ಬಹುಮಾನಕ್ಕಾಗಿ ೧೯೩೦ರಲ್ಲಿ ಅವರು ಕರಾಚಿಯಿಂದ ಇಂಗ್ಲೆಂಡಿನ ಕಡೆಗೆ ಒಂಟಿಯಾಗಿ ಹಾರಿದ್ದೂ ಇಂಥದರಲ್ಲಿಯೇ. ಈಜಿಪ್ತಿನ ಅಬೂಕಿರಿನಲ್ಲಿ ಪ್ರತಿಸ್ಪರ್ಧಿ ಆಸ್ಪಿ ಇಂಜಿನಿಯರರು ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತಿದ್ದರು. ತಾತಾರವರು ತಮ್ಮಲ್ಲಿದ್ದುದನ್ನು ಕೊಟ್ಟರು. ಬಹುಮಾನವು ಆಸ್ಪಿಯವರ ಪಾಲಾಯಿತು. ಈ ಸೋಲನ್ನು ಗೆಲುವೆಂದು ಕರೆಯಲು ನಮಗೇನೂ ಸಂಕೋಚವಿಲ್ಲ.

೧೯೩೨ರಲ್ಲಿ ಕರಾಚಿ-ಮದರಾಸು ಅಂಚೆಗಾಗಿ ಆರಿಸಿಕೊಂಡದ್ದು ಪುಸ್ ಮಾತ್. ಇದರ ಜಾತಿಯೇ ಬೇರೆ. ೧೨೦ ಅಶ್ವಶಕ್ತಿಯ ಎಂಜಿನು. ತಲೆಯ ಮೇಲೆ ಒಂದೇ ಸಾಲು ರೆಕ್ಕೆ. ಚಾಲಕನಿಗೆ ಮುಚ್ಚಿದ ಕೊಠಡಿ. ಹಳೆಯದರಲ್ಲಿ ಕೆನ್ನೆಗೆ ತಾಗುವ ಗಾಳಿಯೇ ವಿಮಾನವು ಪಕ್ಕಕ್ಕೆ ಜಾರುತ್ತಿದೆಯೆಂದು ತಿಳಿಸುತ್ತಿತ್ತು. ಇಲ್ಲಿ ಆ ಗುರುವಿಲ್ಲ. ಮುಂದಿರುವ ಮಾಪಕಗಳನ್ನೇ ನಂಬಬೇಕು. ಇಳಿಯುವಾಗಲಂತೂ ಇನ್ನೂ ಫಜೀತಿ. ಹಳೆಯ ವಿಮಾನದ ತಂತಿ ಕಂಬಗಳು ಗಾಳಿಗೆ ಅಡ್ಡಿಯಾಗಿ ವೇಗವನ್ನು ತಾವೇ ಕುಂದಿಸುತ್ತಿದ್ದುವು. ನುಣುಪು ಮೈಯ ಪುಸ್ ಮಾತ್ ನೆಲವನ್ನು ಮುಟ್ಟಲೊಲ್ಲದೆ ತೇಲುತ್ತ ಮೈದಾನವನ್ನೆಲ್ಲ ನುಂಗಿಬಿಡುವುದು. ಇದಕ್ಕಾಗಿ ಗಾಲಿಯ ಕಾಲುಗಳ ಹೊದಿಕೆಯನ್ನು ಅಡ್ಡಕ್ಕೆ ತಿರುಗಿಸಿ ಗಾಳಿಗೆ ಎದುರೊಡ್ಡುವ ಉಪಾಯವನ್ನು ಮಾಡಿದ್ದರು. ಕೈಗೆ ಹತ್ತಿದ ಹಳೆಯ ಅಭ್ಯಾಸವನ್ನು ಮರೆತು ಇದೆಲ್ಲವನ್ನೂ ರೂಢಿಸಿಕೊಳ್ಳಬೇಕು. ಸಾಲದುದಕ್ಕೆ, ಈ ಮಾದರಿಯ ಕೆಲವು ವಿಮಾನಗಳು ಆಕಾಶದಲ್ಲಿಯೇ ರೆಕ್ಕೆ ಮುರಿದು ಬಿದ್ದಿದ್ದುವು.

ಅಕ್ಟೋಬರ್ ೧೫ರ ಬೆಳಿಗ್ಗೆ ತಾತಾರವರು ಅಂಚೆಯೊಡನೆ ಕರಾಚಿಯನ್ನು ಬಿಟ್ಟು, ಅಹಮದಾಬಾದಿನಲ್ಲಿ ಎತ್ತಿನ ಬಂಡಿ ತಂದ ಪೆಟ್ರೋಲನ್ನು ತುಂಬಿಸಿಕೊಂಡು, ಜುಹುವಿನಲ್ಲಿಳಿದರು. ಮುಂದೆ ನೆವಿಲ್ ವಿನ್ಸೆಂಟರು ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೊಯ್ದರು. ಆಂಗ್ಲ ಸರಕಾರವು ಸಹಾಯಧನವೆಂದು ಬಿಡಿಕಾಸನ್ನೂ ಕೊಡಲೊಪ್ಪಿರಲಿಲ್ಲವೆಂಬುದನ್ನು ನಾವಿಲ್ಲಿ ನಮೂದಿಸಲೇಬೇಕು.

ಆ ಅಂಚೆಯ ಉದ್ಯಮವೇ ಬೆಳೆದು ಏರ್ ಇಂಡಿಯಾ ಆಯಿತು. ೧೯೫೩ರಲ್ಲಿ ರಾಷ್ಟ್ರದ ಸ್ವತ್ತಾಯಿತು. ತಾತಾರವರಿಗೆ ೧೯೯೨ರಲ್ಲಿ ಭಾರತರತ್ನವು ಸಂದಿತು. ಮರುವರ್ಷ ನವೆಂಬರಿನಲ್ಲಿ ಜಿನೀವಾದಲ್ಲಿ ದೇಹಾವಸಾನವಾಯಿತು. ಅದಕ್ಕೆ ಹನ್ನೊಂದು ವರ್ಷ ಮೊದಲು, ೧೯೮೨ರ ಅಕ್ಟೋಬರ್ ೧೫ರಂದು, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಪುಸ್ ಮಾತಿನ ದಾಯಾದಿಯಾದ ಲೆಪರ್ಡ್ ಮಾತ್ ವಿಮಾನವನ್ನೇರಿ, ಅವರು ಅದೇ ಕರಾಚಿಯಿಂದ ಮುಂಬಯಿಗೆ ಒಬ್ಬರೇ ಹಾರಿಬಂದರು.