ಬಾವಲಿ ಯಾವ ಪಟ್ಟಿಗೆ ಸೇರಿದ್ದು?
ಸಂತ ಮಹಾ ಆಲ್ಬರ್ಟರ ಬದುಕಿನಿಂದ ಒಂದು ಪಾಠ

ಸಿರುಗುಪ್ಪದಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಪುಸ್ತಕ ಹಿಡಿದು ನನ್ನ ಬಳಿ ಬಂದಳು. ಬಾವಲಿ ಸಸ್ತನಿ ಎಂದು ಅವಳ ಪಾಠದಲ್ಲಿತ್ತು. ಪವಿತ್ರ ಗ್ರಂಥದ ಯಾಜಕಕಾಂಡದ 11ನೆಯ ಅಧ್ಯಾಯವಾದರೋ ಅದನ್ನು ಹಕ್ಕಿಗಳ ಪಟ್ಟಿಯ ಕೊನೆಯಲ್ಲಿ ಇಟ್ಟಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೆ ಪಾಪವಾಗುವುದಿಲ್ಲ ಎಂಬುದು ಅವಳ ಚಿಂತೆ. ದೇವರ ವಾಕ್ಯದಲ್ಲಿ ಇದ್ದದ್ದನ್ನೇ ಬರೆಯಬೇಕೆಂದು ಜೊತೆಗಿದ್ದ ಅಜ್ಜಿ ಆಗಲೇ ತೀರ್ಪು ಕೊಟ್ಟಿದ್ದರು.

ಪ್ರಿಯ ಓದುಗರೇ, ಇದು ನಗುವ ಮಾತಲ್ಲ. ಶಾಲೆ ಮತ್ತು ಗುಡಿ ಒಂದಕ್ಕೊಂದು ಎದುರು ನಿಂತಿವೆ ಎಂದು ಮಗುವಿಗೆ ಒಮ್ಮೆ ಅನ್ನಿಸಿದರೆ, ಅದು ಎರಡರಲ್ಲಿ ಒಂದನ್ನು ಬಿಟ್ಟೇ ಬಿಡುತ್ತದೆ. ಈ ಭಯಕ್ಕೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಸಂತರೊಬ್ಬರು ಇದ್ದಾರೆ. ಅವರೇ ಸಂತ ಮಹಾ ಆಲ್ಬರ್ಟರು.

ಆಲ್ಬರ್ಟರು ಸುಮಾರು 1200ರಲ್ಲಿ ಜರ್ಮನಿಯ ಡ್ಯಾನ್ಯೂಬ್ ನದಿಯ ದಂಡೆಯ ಲೌಯಿಂಗೆನ್ ಎಂಬ ಊರಿನಲ್ಲಿ ಹುಟ್ಟಿದರು. ಇಟಲಿಯ ಪಾದುವಾದಲ್ಲಿ ಓದುತ್ತಿದ್ದಾಗ ದೊಮಿನಿಕನ್ ಸಭೆಯನ್ನು ಸೇರಿದರು. ಪ್ಯಾರಿಸ್ಸಿನಲ್ಲಿ ದೈವಶಾಸ್ತ್ರದ ಗುರುಗಳಾದರು. 1248ರಲ್ಲಿ ಕಲೋನ್ ನಗರದಲ್ಲಿ ತಮ್ಮ ಸಭೆಯ ವಿದ್ಯಾಪೀಠವನ್ನು ಕಟ್ಟಲು ಹೋದರು. ಮಾತು ಕಡಿಮೆಯ ಒಬ್ಬ ಶಿಷ್ಯ ಅಲ್ಲಿ ಅವರ ಬಳಿ ಕಲಿತನು. ಆತನೇ ಮುಂದೆ ಸಂತ ತೋಮಾಸ್ ಅಕ್ವಿನಾಸ್.

1254ರಿಂದ ಮೂರು ವರ್ಷ ಜರ್ಮನಿಯ ದೊಮಿನಿಕನ್ ಗುರುಗಳ ಮೇಲಧಿಕಾರಿಯಾಗಿದ್ದಾಗ ಆಲ್ಬರ್ಟರು ಸಭೆಯ ನಿಯಮದಂತೆ ಕಾಲ್ನಡಿಗೆಯಲ್ಲೇ ಮಠದಿಂದ ಮಠಕ್ಕೆ ಸಂಚರಿಸಿದರು. ದಾರಿಯುದ್ದಕ್ಕೂ ಅವರ ಕಣ್ಣು ತೆರೆದೇ ಇರುತ್ತಿತ್ತು. ಬೇಟೆಗಾರರನ್ನೂ ಮೀನುಗಾರರನ್ನೂ ವಿಚಾರಿಸುತ್ತಿದ್ದರು. ಹೀಗೆ ಕೂಡಿಟ್ಟ ಅರಿವು ಪ್ರಾಣಿಗಳ ಕುರಿತ 26 ಭಾಗಗಳ ಮಹಾಗ್ರಂಥವಾಯಿತು. ಮೊದಲ 19 ಭಾಗಗಳು ಗ್ರೀಕ್ ಜ್ಞಾನಿ ಅರಿಸ್ಟಾಟಲನ ಪ್ರಾಣಿಶಾಸ್ತ್ರಕ್ಕೆ ವಿವರಣೆ. ಕೊನೆಯ ಭಾಗಗಳಲ್ಲಿ ನಾಲ್ಕು ಕಾಲಿನವು, ಹಕ್ಕಿಗಳು, ಜಲಚರಗಳು, ಹಾವುಗಳು, ಕೀಟದಂಥ ಸಣ್ಣ ಜೀವಿಗಳು ಎಂದು ವಿಂಗಡಿಸಿ ಒಂದೊಂದನ್ನೂ ವರ್ಣಿಸಿದರು.

ಆ ಕಾಲದಲ್ಲಿ ಉಷ್ಟ್ರಪಕ್ಷಿ ಕಬ್ಬಿಣವನ್ನು ತಿಂದು ಅರಗಿಸಿಕೊಳ್ಳುತ್ತದೆಂದು ಎಲ್ಲರೂ ನಂಬಿದ್ದರು. ಆಲ್ಬರ್ಟರು ಕಬ್ಬಿಣದ ಚೂರುಗಳನ್ನು ಅದರ ಮುಂದೆ ಇಟ್ಟು ನೋಡಿದರು. ಅದು ಮುಟ್ಟಲಿಲ್ಲ. ಕಡಲತೀರದ ಒಂದು ಬಗೆಯ ಬಾತು ಮರದಿಂದ ಹುಟ್ಟುತ್ತದೆ ಎಂಬ ಕತೆಯೂ ಇತ್ತು. ಅದು ಮಾಂಸದಿಂದ ಹುಟ್ಟಿದ್ದಲ್ಲವೆಂದು ಹೇಳಿ ತಪಸ್ಸುಕಾಲದಲ್ಲೂ ಅದನ್ನು ತಿನ್ನುವವರಿದ್ದರು. ಆ ಹಕ್ಕಿಗಳು ಕೂಡುವುದನ್ನೂ ಮೊಟ್ಟೆಯಿಡುವುದನ್ನೂ ತಾವೇ ಕಂಡಿದ್ದೇವೆಂದು ಆಲ್ಬರ್ಟರು ಬರೆದಾಗ ಆ ಕತೆಯ ಬುಡವೇ ಕಳಚಿತು.

ವಿಶ್ವಾಸದ ವಿಷಯದಲ್ಲಿ ಸಂತ ಅಗಸ್ತೀನರನ್ನು ನಂಬಬೇಕು, ಪ್ರಕೃತಿಯ ವಿಷಯದಲ್ಲಿ ಪ್ರಕೃತಿಯನ್ನು ಬಲ್ಲವರನ್ನು ಕೇಳಬೇಕು ಎಂಬುದು ಅವರ ನಿಲುವು. ಆದರೆ ಅರಿಸ್ಟಾಟಲನೂ ಮನುಷ್ಯನೇ, ಅವನೂ ತಪ್ಪಬಲ್ಲನು ಎಂಬುದನ್ನು ಅವರು ಮರೆಯಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಬಾವಲಿಯನ್ನು ಆಲ್ಬರ್ಟರೂ ಹಕ್ಕಿಗಳ ಭಾಗದಲ್ಲೇ ಸೇರಿಸಿದ್ದರು. ತಿಮಿಂಗಿಲವನ್ನು ಜಲಚರಗಳಲ್ಲಿ ಇಟ್ಟಿದ್ದರು. ಸಂತರೂ ತಪ್ಪಿದರೇ? ಹಾರುವುದು, ಈಜುವುದು ಎಂಬ ನಡೆಯನ್ನು ನೋಡಿ ವಿಂಗಡಿಸಿದರೆ ಆ ಪಟ್ಟಿ ಹಾಗೆಯೇ ಆಗುತ್ತದೆ. ಮೋಶೆಯ ಧರ್ಮಶಾಸ್ತ್ರದ ಪಟ್ಟಿಯೂ ಅಂಥದ್ದೇ. ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂದು ಜನರಿಗೆ ತಿಳಿಸುವುದು ಅದರ ಉದ್ದೇಶ, ಜೀವಶಾಸ್ತ್ರ ಕಲಿಸುವುದಲ್ಲ. ಆಲ್ಬರ್ಟರು ತೋರಿಸಿದಂತೆ ಇನ್ನೂ ಹತ್ತಿರದಿಂದ ನೋಡಿದ ಮುಂದಿನವರು ದೇಹದ ರಚನೆಯನ್ನು ಆಧಾರವಾಗಿಟ್ಟುಕೊಂಡರು. ಬಾವಲಿಗೆ ಗರಿಯಿಲ್ಲ, ಕೂದಲಿದೆ. ಅದು ಮೊಟ್ಟೆಯಿಡದೆ ಮರಿ ಹಾಕಿ ಹಾಲೂಡುತ್ತದೆ. ಅದರ ರೆಕ್ಕೆ ನೀಳವಾದ ಬೆರಳುಗಳ ನಡುವೆ ಹರಡಿದ ತೊಗಲು. ಆದ್ದರಿಂದ ಅದು ಸಸ್ತನಿ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಬಾವಲಿಯನ್ನೂ ತಿಮಿಂಗಿಲವನ್ನೂ ಸಸ್ತನಿಗಳಲ್ಲಿ ಸೇರಿಸಿದನು. ಆದರೆ ಬಾವಲಿಯನ್ನು ಕೋತಿಗಳ ಗಣದಲ್ಲಿ ಇಟ್ಟು ಅವನೂ ತಪ್ಪಿದನು! ಮುಂದೆ ಅದಕ್ಕೆ ಪ್ರತ್ಯೇಕ ಗಣವೇ ಆಯಿತು. ಇಂದು ಅದರಲ್ಲಿ 1,400ಕ್ಕೂ ಹೆಚ್ಚು ಪ್ರಭೇದಗಳಿವೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಮೆಟ್ಟಿಲುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವು ಬಾಯಿಪಾಠಕ್ಕಿಂತ ಹೆಚ್ಚಾಗಿ ನೋಡುವುದಕ್ಕೆ ಇರುವಂಥವು. ಕುರುಗೋಡಿನ ದೊಡ್ಡ ಬಸವಣ್ಣನ ಕಲ್ಲಿನ ಮೂರ್ತಿಯನ್ನು ಕಂಡವರಿಗೆ ನಮ್ಮ ನಾಡಿನ ಎತ್ತಿನ ಹಿಣಿಲು ಗೊತ್ತು. ಯುರೋಪಿನ ದನಗಳಿಗೆ ಆ ಹಿಣಿಲಿಲ್ಲ. ನಮ್ಮ ದನಗಳಿಗೆ ಲಿನೇಯಸ್ ಬೇರೆ ಹೆಸರನ್ನೇ ಕೊಟ್ಟನು.

1260ರಲ್ಲಿ ಆಲ್ಬರ್ಟರು ರೇಗನ್ಸ್‌ಬರ್ಗಿನ ಧರ್ಮಾಧ್ಯಕ್ಷರಾದರು. ಸುಮಾರು ಎರಡು ವರ್ಷಗಳಲ್ಲಿ ಆ ಪದವಿಯನ್ನು ಬಿಟ್ಟು ಮುಂದೆ ಪುನಃ ಓದು, ಬೋಧನೆಗೆ ಮರಳಿದರು. 1274ರಲ್ಲಿ ಪ್ರಿಯ ಶಿಷ್ಯ ತೋಮಾಸರು ತಮಗಿಂತ ಮೊದಲೇ ತೀರಿಕೊಂಡ ದುಃಖವನ್ನು ಉಂಡರು. 1280ರ ನವೆಂಬರ್ 15ರಂದು ಕಲೋನಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅವರ ಹಬ್ಬವೂ ಅದೇ ದಿನ. 1931ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರನ್ನು ಸಂತರೆಂದೂ ಧರ್ಮಸಭೆಯ ಪಂಡಿತರೆಂದೂ ಸಾರಿದರು. 1941ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವರನ್ನು ಪ್ರಕೃತಿ ವಿಜ್ಞಾನಿಗಳ ಪಾಲಕ ಸಂತರನ್ನಾಗಿ ಮಾಡಿದರು.

ಸಸ್ತನಿ ಎಂದೇ ಬರೆ, ಅದರಲ್ಲಿ ಪಾಪವಿಲ್ಲ ಎಂದು ಆ ಹುಡುಗಿಗೆ ಹೇಳಿದೆ. ಬಾವಲಿ ಮರಿಗೆ ಹಾಲೂಡುವ ವಿಷಯವನ್ನು ವಿವರಿಸುತ್ತಿದ್ದಾಗ ಅಜ್ಜಿ ನಡುವೆ ಮಾತಾಡಿದರು. ಚಿಕ್ಕಂದಿನಲ್ಲಿ ಹೊಲದ ಬದುವಿನ ಹುಣಸೆ ಮರದಲ್ಲಿ ತಾಯಿ ಬಾವಲಿಯ ಎದೆಗೆ ಮರಿ ಕಚ್ಚಿಕೊಂಡಿದ್ದನ್ನು ಅವರೇ ನೋಡಿದ್ದರಂತೆ. ಇಷ್ಟು ವರ್ಷ ಆ ಮಾತನ್ನು ಯಾರೂ ಅವರನ್ನು ಕೇಳಿರಲಿಲ್ಲ. ಮೊಮ್ಮಗಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಮರ ಎಲ್ಲಿತ್ತು, ಮರಿ ಎಷ್ಟು ದೊಡ್ಡದಿತ್ತು ಎಂದು ಒಂದೊಂದಾಗಿ ಕೇಳತೊಡಗಿದಳು.