ವಚನ ಪಿತಾಮಹರು ತಮ್ಮ ತೀರ್ಥರೂಪರಿಂದ ಪಡೆದುದು

ಬೆಂಗಳೂರಿನ ವಿಲ್ಸನ್ ಗಾರ್ಡನ್ ಮೊದಲಾದ ಬಡಾವಣೆಗಳ ಸದ್ಭಕ್ತರ ಮನೆಗಳಲ್ಲಿ ಇಂದು ಇಷ್ಟಲಿಂಗ ಪೂಜೆಯಾದ ತರುವಾಯ ಅಚ್ಚಾದ ವಚನಗ್ರಂಥವನ್ನು ತೆರೆದು ಓದುವುದು ಸಹಜವಾದ ಸಂಗತಿ. ನೂರಿಪ್ಪತ್ತು ವರ್ಷಗಳ ಹಿಂದೆ ಇದು ಸುಲಭವಾಗಿರಲಿಲ್ಲ. ಆಗ ವಚನಗಳ ಬಹುಭಾಗವು ತಾಡವೋಲೆಗಳಲ್ಲಿಯೂ ಕೈಬರಹದ ಕಟ್ಟುಗಳಲ್ಲಿಯೂ ಅಡಗಿದ್ದು, ಮಠಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದಿತೇ ಹೊರತು ಓದುಗರ ಕೈಸೇರುತ್ತಿರಲಿಲ್ಲ. ಅದನ್ನು ಗೃಹಸ್ಥನ ಕೈಗೆ ತಂದಿತ್ತವರಲ್ಲಿ ಅಗ್ರಗಣ್ಯರು ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಕೀರ್ತಿಯನ್ನು ಎಲ್ಲರೂ ಬಲ್ಲರು. ಅವರ ಹೆಸರಿನ ನಡುವೆ ನಿಂತಿರುವ ಗುರುಬಸಪ್ಪನವರನ್ನು ನೆನೆಯುವವರು ಮಾತ್ರ ಕಡಿಮೆ.

ಹಳಕಟ್ಟಿಯವರು ಜನಿಸಿದುದು 1880ನೆಯ ಇಸವಿಯ ಜುಲೈ 2ರಂದು, ಧಾರವಾಡದಲ್ಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಕೂಸನ್ನು ಅಜ್ಜಿಯು ಸಾಕಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಅಂದಿನ ಶಿಕ್ಷಕನ ಸಂಬಳವು ಎಷ್ಟೆಂಬುದನ್ನು ವಾಚಕರು ಊಹಿಸಬಲ್ಲರು. ಆಸ್ತಿ ಮಾಡುವ ವೃತ್ತಿ ಅದಲ್ಲ. ಆದರೆ ಗುರುಬಸಪ್ಪನವರು ಶಾಲೆಯ ಪಾಠದೊಡನೆ ತಮ್ಮ ಕರ್ತವ್ಯವು ತೀರಿತೆಂದು ಬಗೆದವರಲ್ಲ. ಇಂಗ್ಲೆಂಡಿನ ಇತಿಹಾಸ, ಫ್ರಾನ್ಸಿನ ರಾಜ್ಯಕ್ರಾಂತಿ, ಸಿಕಂದರ ಬಾದಶಹನ ಚರಿತ್ರೆ, ಏಕನಾಥ ಸಾಧುಗಳ ಚರಿತ್ರೆ ಇವೇ ಮುಂತಾದ ವಿಷಯಗಳನ್ನು ಕುರಿತು ಅವರು ಕನ್ನಡದಲ್ಲಿ ಬರೆದರು.

ಈ ಮಾತಿನ ಮಹತ್ತ್ವವನ್ನು ಅರಿಯಬೇಕಾದರೆ ಆ ಕಾಲದ ಧಾರವಾಡವನ್ನು ನೆನೆಯಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಸೀಮೆಯಲ್ಲಿ ಶಾಲೆ, ಕಚೇರಿ, ಪತ್ರವ್ಯವಹಾರಗಳಲ್ಲೆಲ್ಲ ಮರಾಠಿಗೇ ಮರ್ಯಾದೆ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚೆನ್ನಬಸಪ್ಪನವರು ದುಡಿದು ಹೋಗಿದ್ದರು. ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದು 1890ರಲ್ಲಿ. ಶಾಲೆಗಳು ತೆರೆದರೂ ಓದಲು ಕನ್ನಡದಲ್ಲಿ ಪುಸ್ತಕಗಳಿರಬೇಕಷ್ಟೆ! ಪರದೇಶದ ಚರಿತ್ರೆಯನ್ನು ಇಂಗ್ಲಿಷ್ ಬಲ್ಲ ನಾಲ್ಕು ಜನರ ಸ್ವತ್ತಾಗಿ ಬಿಡದೆ, ತಿಳಿದುದನ್ನು ತನ್ನ ಜನರ ನುಡಿಯಲ್ಲಿ ಇಳಿಸುವುದೇ ವಿದ್ಯಾವಂತನ ಕೆಲಸವೆಂದು ಆ ತಂದೆಯು ನಡೆದು ತೋರಿಸಿದರು. ಮನೆಯಲ್ಲಿ ಬಾಲಕನು ನಿತ್ಯವೂ ಕಂಡುದು ಈ ದುಡಿಮೆಯನ್ನೇ.

ಮುಂದೆ ಉಚ್ಚ ಶಿಕ್ಷಣಕ್ಕೆಂದು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದಾಗ, ಗುಜರಾತಿ ಮತ್ತು ಮರಾಠಿ ಜನರು ತಂತಮ್ಮ ಭಾಷೆಗಳಲ್ಲಿ ಇಟ್ಟಿದ್ದ ಅಭಿಮಾನವನ್ನು ಹಳಕಟ್ಟಿಯವರು ಕಣ್ಣಾರೆ ಕಂಡರು. ತಂದೆಯ ಮನೆಯಲ್ಲಿ ಬಿದ್ದ ಬೀಜವು ಅಲ್ಲಿ ಮೊಳೆಯಿತು. 1904ರಲ್ಲಿ ಕಾಯಿದೆಯ ಪದವಿಯನ್ನು ಪಡೆದು, ಕೆಲಕಾಲ ಬೆಳಗಾವಿಯಲ್ಲಿದ್ದು, ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆನಿಂತರು. 1910ರ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆ, 1912ರ ಸಿದ್ಧೇಶ್ವರ ಬ್ಯಾಂಕು, ಇವೆರಡರ ಸ್ಥಾಪನೆಯಲ್ಲಿಯೂ ಅವರ ಕೈಯಿದೆ. ಈ ಒಂದೊಂದೂ ಬೇರೆಯೇ ಒಂದು ಲೇಖನಕ್ಕೆ ತಕ್ಕ ವಿಷಯವಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ರಬಕವಿಯ ಮಂಚಾಲೆಯವರ ಮನೆಯಲ್ಲಿ ವಚನಗಳ ತಾಡವೋಲೆಗಳು ಅವರ ಕಣ್ಣಿಗೆ ಬಿದ್ದುವು. ಅಲ್ಲಿಂದ ಮೊದಲಾದ ಶೋಧವು ಊರೂರಿಗೆ, ಮಠಮಠಕ್ಕೆ ಹಬ್ಬಿತು. ಸಂಗ್ರಹಿಸಿದುದನ್ನು ಕಪಾಟಿನಲ್ಲಿ ಭದ್ರವಾಗಿಟ್ಟು ತೃಪ್ತಿಪಡುವ ವಿದ್ವಾಂಸರೂ ಉಂಟು. ಹಳಕಟ್ಟಿಯವರು ಹಾಗೆ ಮಾಡಲಿಲ್ಲ. ಓಲೆಗಳನ್ನು ಪ್ರತಿಮಾಡಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ ಸಾಮಾನ್ಯ ವಾಚಕನಿಗೆ ನಿಲುಕುವಂತೆ ಅಣಿಗೊಳಿಸಿದರು. ತಂದೆಯು ಫ್ರಾನ್ಸಿನ ಚರಿತ್ರೆಗೆ ಮಾಡಿದುದನ್ನೇ ಮಗನು ಶರಣರ ವಾಣಿಗೆ ಮಾಡಿದನೆಂದರೆ ತಪ್ಪಾಗದು. ಒಬ್ಬರು ದೂರದೇಶದಿಂದ ತಂದರು, ಇನ್ನೊಬ್ಬರು ನಮ್ಮ ಮನೆಯ ಜಗಲಿಯಿಂದಲೇ ಇಳಿಸಿ ಕೊಟ್ಟರು.

ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದರ ಮೊದಲ ಭಾಗವು ಬೆಳಕು ಕಂಡಿತು. ಪರರ ಯಂತ್ರವನ್ನು ನೆಚ್ಚಿದರೆ ಈ ಕಾರ್ಯವು ಸಾಗದೆಂದು ಕಂಡುಕೊಂಡ ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು.

ಗೃಹಸ್ಥರಾದ ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಹೆಂಡತಿ ಮಕ್ಕಳುಳ್ಳವನು, ಗಳಿಕೆಯ ವಕೀಲಿ ವೃತ್ತಿಯುಳ್ಳವನು, ಅಚ್ಚಿನ ಮೊಳೆಗಳಿಗಾಗಿ ಮನೆಯನ್ನು ಮಾರುವುದು ಯುಕ್ತವೇ? ಸುಲಭವಾದ ಉತ್ತರವಿಲ್ಲ. ಆ ಸಂಸಾರವು ಪಟ್ಟ ಕಷ್ಟವನ್ನು ಮರೆತು ತ್ಯಾಗವನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ. ಸಮಾಜವು ಸಕಾಲದಲ್ಲಿ ಕೈಗೂಡಿಸಿದ್ದರೆ ಒಬ್ಬ ಗೃಹಸ್ಥನ ಮೇಲೆ ಅಷ್ಟು ಭಾರ ಬೀಳುತ್ತಿರಲಿಲ್ಲವೆಂದು ನನ್ನ ಭಾವನೆ. ಆದರೆ ಹೊಲಮನೆಗಿಂತ ಲೇಖನಿಗೆ ಹೆಚ್ಚಿನ ಬೆಲೆಯಿದ್ದ ಮನೆಯಲ್ಲಿ ಬೆಳೆದವರಿಗೆ ಆ ನಿರ್ಧಾರವು ನಮಗೆ ತೋರುವಷ್ಟು ವಿಚಿತ್ರವಾಗಿ ತೋರಿರಲಾರದು.

1926ರಲ್ಲಿ ಶಿವಾನುಭವ ಪತ್ರಿಕೆಯು ಹೊರಟಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ, 1930ರಲ್ಲಿ ಶೂನ್ಯಸಂಪಾದನೆಯ ಪ್ರಕಟಣೆ, ಹರಿಹರನ ರಗಳೆಗಳು: ಹೀಗೆ ಕೆಲಸವು ಎಡೆಬಿಡದೆ ನಡೆಯಿತು. ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿದ್ದಲ್ಲಿ, ಅವರ ಶೋಧದಿಂದ ಆ ಸಂಖ್ಯೆಯು 200ನ್ನು ಮೀರಿತು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ. ಲಿಟ್. ಪದವಿಯನ್ನಿತ್ತಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ವಿಜಾಪುರವು ಈಗ ವಿಜಯಪುರವಾಗಿದೆ; ಅವರು ಕಟ್ಟಿದ ವಿದ್ಯಾಸಂಸ್ಥೆಯು ಅವರ ಹೆಸರಿನ ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ಅವರ ಜನ್ಮದಿನವಾದ ಜುಲೈ 2ನ್ನು ಸರಕಾರವು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಗುರುಬಸಪ್ಪನವರ ಇತಿಹಾಸಗ್ರಂಥಗಳನ್ನು ಓದುವವರು ಈಗ ಅಪರೂಪ.